ಫ್ಯಾನಿನ ಸೀಳಿನಲ್ಲಿ ಕೊಬ್ಬರಿ

ನಾನು ಅನುಮಾನದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದವರಂತೆ ಬೀಗುವುದು ಬೇಡ. ತಿಪಟೂರು–ತುರುವೇಕೆರೆ ಮಾರ್ಗದಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಕಿಟಕಿಯಾಚೆ ತೆಂಗಿನ ತೋಟ ನೋಡುವ ಸೋಗಿನಲ್ಲಿ ಕೂತವನನ್ನು, ಗೊರಕೆ ಹೊಡೆಯುವಂತೆ ನಟಿಸುವವನನ್ನು, ಮೀಸೆ ಚಿಗುರಿದ ಮಗನಿಗೆ ಅರ್ಧ ಟಿಕೆಟ್ ಕೇಳುವ ತಾಯಿಯನ್ನು ಮುಖ ನೋಡಿಯೇ ಹಿಡಿಯುತ್ತಿದ್ದೆ. ಕೆಲಸ ಬಿಟ್ಟ ಮೇಲೂ ಆ ಕಣ್ಣು ನನ್ನನ್ನು ಬಿಡಲಿಲ್ಲ. ಹಾಲು ಹಾಕುವವನನ್ನೂ ನಂಬುವುದಿಲ್ಲ, ಮೀಟರ್ ಓದಲು ಬರುವವನನ್ನೂ ನಂಬುವುದಿಲ್ಲ. "ನಿಮ್ಮ ಲೆಕ್ಕದಲ್ಲಿ ದೇವ್ರೂ ಟಿಕೆಟ್ ತಗಂಡಿರಕ್ಕಿಲ್ಲ ಬುಡಿ" ಎನ್ನುತ್ತಾಳೆ ನನ್ನ ಹೆಂಡತಿ ಸಿದ್ದಗಂಗಮ್ಮ.

ಇಂಥವನ ಒಬ್ಬಳೇ ಮಗಳು ಬೆನ್ನಿಗೆ ಇಂಜಿನ್ ಕಟ್ಟಿಕೊಂಡು ಆಕಾಶಕ್ಕೆ ಹಾರುತ್ತಾಳೆ ಎಂದರೆ ನನ್ನ ಪಾಡು ನೀವೇ ಯೋಚಿಸಿ.

ಅನುಪಮಾ ತಿಪಟೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಮೇಡಂ. ಸುಮ್ಮನೆ ಕೂರುವ ಜಾಯಮಾನವೇ ಅಲ್ಲ. ಕಳೆದ ವರ್ಷ ಎಲ್ಲೋ ಶಿಬಿರಕ್ಕೆ ಹೋಗಿ ಬಂದವಳು ಪ್ಯಾರಾಮೋಟರ್ ಎಂಬ ಹುಚ್ಚು ಹತ್ತಿಸಿಕೊಂಡು ಬಂದಳು. ಬೆನ್ನ ಮೇಲೆ ಒಂದು ಇಂಜಿನ್, ಅದರ ಹಿಂದೆ ಮರದ ಫ್ಯಾನು, ಫ್ಯಾನಿನ ಸುತ್ತ ದೊಡ್ಡ ಬಳೆಯಂಥ ಪಂಜರ. ತಲೆಯ ಮೇಲೆ ಬಟ್ಟೆಯ ರೆಕ್ಕೆ. ರೆಕ್ಕೆಗೂ ಮೈಗೂ ನಡುವೆ ಇರುವುದು ಸಣ್ಣ ಸಣ್ಣ ಹುರಿಗಳು, ಅಷ್ಟೇ. ಚಕ್ರವಿಲ್ಲ, ಬಾಗಿಲಿಲ್ಲ. ಓಡುತ್ತ ಓಡುತ್ತ ಕಾಲು ನೆಲ ಬಿಡುತ್ತದೆ, ಇಳಿಯುವಾಗ ಆ ಕಾಲೇ ನೆಲ ಹುಡುಕಬೇಕು.

ನಮ್ಮೂರು ಇರುವುದು ಕಿಬ್ಬನಹಳ್ಳಿ ಕ್ರಾಸಿನಿಂದ ಒಳಕ್ಕೆ. ಬೇಸಿಗೆಯಲ್ಲಿ ಒಣಗುವ ನಮ್ಮ ಕೆರೆಯ ಅಂಗಳವೇ ಅವಳ ಮೈದಾನ. ಕಲಿಸಲು ಬರುತ್ತಿದ್ದವನು ಚಿರಂಜೀವಿ ಎಂಬ ಚಿಕ್ಕನಾಯಕನಹಳ್ಳಿಯ ಮನುಷ್ಯ. ಸೈನ್ಯದಲ್ಲಿದ್ದು ಬಂದವನು. ಅನುಮತಿ, ಪರವಾನಗಿ ಎಲ್ಲವನ್ನೂ ಅವನೇ ಓಡಾಡಿ ಮಾಡಿಸಿಕೊಟ್ಟಿದ್ದ. ಮಾತು ಬಹಳ ಕಡಿಮೆ. ಮಾತು ಕಡಿಮೆ ಇರುವವರ ಮೇಲೆ ನನಗೆ ಮೊದಲಿಂದಲೂ ಅನುಮಾನ. ಟಿಕೆಟ್ ಇಲ್ಲದವರು ಬಸ್ಸಿನಲ್ಲಿ ಮಾತಾಡುವುದಿಲ್ಲ.

ಮೊದಲ ದಿನವೇ ಅವನು ನನ್ನ ಹೆಂಡತಿಯ ಮನಸ್ಸು ನೋಯಿಸಿದ. ನಮ್ಮಲ್ಲಿ ಹೊಸ ಸೈಕಲ್ ತಂದರೂ ಪೂಜೆ ಮಾಡದೆ ಹತ್ತುವುದಿಲ್ಲ. ಟ್ರಾಕ್ಟರಿಗೆ ಹಾರ, ಬೋರ್‌ವೆಲ್ ಮೋಟರಿಗೆ ಹಾರ, ತೆಂಗು ಸುಲಿಯುವ ಗೂಟಕ್ಕೂ ಕುಂಕುಮ. ಸಿದ್ದಗಂಗಮ್ಮ ಸೇವಂತಿಗೆ ಹಾರ ತಂದು, ಆ ಪಂಜರಕ್ಕೆ ಅಂದವಾಗಿ ಸುತ್ತಿ, ಎರಡು ಹೆಜ್ಜೆ ಹಿಂದೆ ನಿಂತು ನೋಡುತ್ತಿದ್ದಳು. ಚಿರಂಜೀವಿ ಬಂದವನೇ ಹಾರ ಬಿಚ್ಚಿ ಅವಳ ಕೈಗೇ ಕೊಟ್ಟ.

"ಇದಕ್ಕೆ ಏನೂ ಕಟ್ಟಂಗಿಲ್ಲಮ್ಮ" ಎಂದ. ಅಷ್ಟೇ. ಅನುಪಮಾಳ ವೇಲ್ ತೆಗೆಸಿದ, ಮುಡಿದಿದ್ದ ಹೂವನ್ನೂ ತೆಗೆಸಿದ. ಯಾಕೆ ಏನು ಎಂದು ಹಿರಿಯರಿಗೆ ಬಿಡಿಸಿ ಹೇಳಬೇಕೆಂಬ ಜ್ಞಾನ ಬೇಡವೇ? ಹೂವು ಕಂಡರೆ ಆಗದ ಮನುಷ್ಯನನ್ನು ನಾನು ಅವತ್ತೇ ಗುರುತು ಹಾಕಿಕೊಂಡೆ. ಸಿದ್ದಗಂಗಮ್ಮ ಹಾರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು, ಆ ದಿನವೆಲ್ಲ ಅವಳ ಮುಖ ಸರಿ ಇರಲಿಲ್ಲ.

ಆದರೆ ಕಲಿಸುವುದರಲ್ಲಿ ಅವನನ್ನು ತೆಗಳುವಂತಿರಲಿಲ್ಲ. ಕೆರೆ ಏರಿಯ ಮೇಲೆ ಕೂತು ನಾನೂ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

"ಗಾಳಿನ ನಂಬಬ್ಯಾಡ. ಇಂಜಿನ್ನ ನಂಬಬ್ಯಾಡ. ಇಂಜಿನ್ನು ಈಗಲೇ ನಿಂತೋಗುತ್ತೆ ಅನ್ಕೊಂಡೇ ಹಾರು. ನಿಂತ್ರೆ ಎಲ್ಲಿ ಇಳೀತೀನಿ ಅನ್ನೋ ಜಾಗ ಯಾವಾಗ್ಲೂ ಕಣ್ಣಲ್ಲಿರಬೇಕು" ಎನ್ನುತ್ತಿದ್ದ ಅವಳಿಗೆ. ನಮ್ಮ ಸೀಮೆಯಲ್ಲಿ ಇದು ಸುಲಭದ ಮಾತಲ್ಲ. ಮೇಲಿಂದ ನೋಡಿದರೆ ಬರೀ ಗರಿಗಳೇ ಕಾಣುತ್ತವಂತೆ, ಎಲ್ಲೋ ಒಂದು ಕಡೆ ರಾಗಿ ಹೊಲ, ಮತ್ತೆ ಗರಿ. ಬಿಸಿಲು ಏರಿದರೆ ನೆಲದ ಗಾಳಿ ಕುದಿಯುತ್ತದೆ, ರೆಕ್ಕೆಯನ್ನು ಮುದುಡಿ ಎಸೆಯುತ್ತದೆ. ಅದಕ್ಕೇ ಬೆಳಿಗ್ಗೆ ಬೇಗ ಹಾರಿ ಬೇಗ ಇಳಿಯುವುದು. ತೊಡೆಯ ಬೆಲ್ಟು ಹಾಕಿಕೊಳ್ಳುವುದನ್ನು ಮರೆತು ಜೀವ ಕಳೆದುಕೊಂಡವರೂ ಇದ್ದಾರಂತೆ. ಓಡುತ್ತಿರುವ ಫ್ಯಾನಿನ ಬಳಿಗೆ ಹಿಂದಿನಿಂದ ಯಾರೂ ಹೋಗಬಾರದು, ಹೋಗಲೇಬೇಕಾದರೆ ಅವಳ ಕಣ್ಣಿಗೆ ಬೀಳುವಂತೆ ಎದುರಿನಿಂದ ಹೋಗಬೇಕು.

ಹಾರುವ ಮುಂಚೆ ಇಬ್ಬರೂ ಸೇರಿ ಒಂದೊಂದು ಹುರಿಯನ್ನೂ ಒಂದೊಂದು ಕೊಂಡಿಯನ್ನೂ ಕೈಯಲ್ಲಿ ಮುಟ್ಟಿ ನೋಡುತ್ತಿದ್ದರು. ಅದು ಮುಗಿದ ಮೇಲೆ ಚಿರಂಜೀವಿಯದು ಒಂದೇ ಮಾತು: "ಇನ್ಮೇಲೆ ಯಾರೂ ಮುಟ್ಟಂಗಿಲ್ಲ. ಮುಟ್ಟಿದ್ರೆ ಮತ್ತೆ ಮೊದ್ಲಿಂದ." ಆಮೇಲೆ ಕೋಲಿಗೆ ಕಟ್ಟಿದ ಬಟ್ಟೆ ಸರಿಯಾದ ದಿಕ್ಕಿಗೆ ತಿರುಗುವವರೆಗೆ ಕಾಯುವುದು. ಆ ಹೊತ್ತಿಗೆ ಸಿದ್ದಗಂಗಮ್ಮ ಟಿಫನ್ ಕ್ಯಾರಿಯರ್ ಹಿಡಿದು ಬರುತ್ತಿದ್ದಳು. ಎಲ್ಲರೂ ಹೊಂಗೆ ಮರದ ಕೆಳಗೆ ಕೂತು ಇಡ್ಲಿ ತಿನ್ನುತ್ತಿದ್ದೆವು, ಅವಳು ಮಾತ್ರ ಕೂರದೆ ಓಡಾಡಿಕೊಂಡು ಬಡಿಸುತ್ತಿದ್ದಳು.

ಸುಡುವಂತೆ ನೋಡುತ್ತಿದ್ದವನು ಒಬ್ಬನಿದ್ದ. ದುರ್ಗಯ್ಯ. ಕೆರೆಗೆ ಅಂಟಿದಂತಿರುವ ತೋಟ ಅವನದು, ಅದರ ಪಕ್ಕದ್ದು ನಮ್ಮದು. ಬದುವಿನ ವಿಷಯದಲ್ಲಿ ನಮಗಿಬ್ಬರಿಗೂ ಹಳೆಯ ತಕರಾರು. ಅನುಪಮಾ ಮೇಲೆ ಹಾರಿದರೆ ತನ್ನ ಕುರಿಗಳು ಬೆದರುತ್ತವೆ ಎಂದು ಮೊದಲು ಹೇಳಿದ. ಆಮೇಲೆ, ತೋಟದ ಫೋಟೋ ತೆಗೆದು ಯಾರಿಗೋ ಕಳಿಸುತ್ತಿದ್ದಾಳೆ ಎಂದ. ಕೊನೆಗೆ ಬಸ್ ಸ್ಟಾಪಿನಲ್ಲಿ ನಾಲ್ಕು ಜನರ ಮುಂದೆ, "ಕೋತಿಗೆ ಬೀಸೋ ಕವಣೆ ನಮ್ಮನೇಲೈತೆ, ಯಾವ್ದೂ ಗುರಿ ತಪ್ಪಿಲ್ಲ" ಎಂದಿದ್ದ. ಅದು ನನ್ನ ಕಿವಿಗೆ ಬಿತ್ತು. ಬೀಳಲಿ ಎಂದೇ ಅವನು ಹೇಳಿದ್ದು.

ಅದಾದ ವಾರದಲ್ಲೇ ಅದು ನಡೆದದ್ದು.

ಬೆಳಿಗ್ಗೆ ಗಾಳಿ ಹದವಾಗಿತ್ತು. ಅನುಪಮಾ ನೆಲ ಬಿಟ್ಟೆದ್ದು ಕೆರೆಯ ಮೇಲೆ ಒಂದು ಸುತ್ತು ಬಂದು, ದುರ್ಗಯ್ಯನ ತೋಟದ ಅಂಚಿಗೆ ತಿರುಗಿದಳು. ಆಗ ಇಂಜಿನ್ನಿನ ದನಿಯೊಳಗೆ 'ಟಕ್' ಎಂದು ಒಂದು ಸದ್ದು ಕೇಳಿಸಿತು. ಆಮೇಲೆ ಕಲ್ಲು ತುಂಬಿದ ಡಬ್ಬ ಅಲ್ಲಾಡಿಸಿದಂತೆ ಗಡಗಡ. ಆಮೇಲೆ ಏನೂ ಇಲ್ಲ. ಆ ನಿಶ್ಶಬ್ದ ಇದೆಯಲ್ಲ, ಅದನ್ನು ನನ್ನ ಶತ್ರುವಿಗೂ ಬಯಸುವುದಿಲ್ಲ. ಮಗಳು ತೆಂಗಿನ ಗರಿಗಳ ಮೇಲೆ ಸದ್ದಿಲ್ಲದೆ ಇಳಿಯುತ್ತಿದ್ದಳು, ನಾನು ಏರಿಯ ಮೇಲೆ ನಿಂತು ಅವಳ ಹೆಸರು ಕೂಗುತ್ತಿದ್ದೆ. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಇಳಿಯುವ ಜಾಗ ಅವಳ ಕಣ್ಣಿನಲ್ಲಿತ್ತು, ಅದಕ್ಕೇ ಉಳಿದಳು. ದುರ್ಗಯ್ಯ ಉತ್ತು ಬಿಟ್ಟಿದ್ದ ರಾಗಿ ಹೊಲದ ಪಟ್ಟಿಗೆ ಗರಿಗಳನ್ನು ಸವರಿಕೊಂಡಂತೆ ಬಂದು, ಮಣ್ಣಿನಲ್ಲಿ ಮಂಡಿಯೂರಿ ಬಿದ್ದಳು. ನಾನು ಹೋಗಿ ತಲುಪುವಷ್ಟರಲ್ಲಿ ಎದ್ದು ನಿಂತಿದ್ದಳು. ನನಗೆ ಅಳು ಬಂತು, ಅತ್ತೆ. ಹಿಂದೆಯೇ ಓಡಿ ಬಂದ ಸಿದ್ದಗಂಗಮ್ಮ ಮಗಳ ಮೈಯೆಲ್ಲ ತಡವಿದಳು. ಆಮೇಲೆ ಆ ಯಂತ್ರದ ಸುತ್ತ ಬಗ್ಗಿ ನೋಡಿ, ಆಕಾಶಕ್ಕೆ ಕೈಯೆತ್ತಿ ಮುಗಿದಳು. ಹೆದರಿಕೆಗೆ ಎಂದುಕೊಂಡೆ.

ಫ್ಯಾನಿನ ಒಂದು ಅಲಗಿನ ತುದಿಯೇ ಹಾರಿಹೋಗಿತ್ತು. ಉಳಿದ ಭಾಗ ಉದ್ದಕ್ಕೆ ಸೀಳಿಕೊಂಡಿತ್ತು.

"ಏನೋ ಗಟ್ಟಿದು ಬಡಿದೈತೆ" ಎಂದ ಚಿರಂಜೀವಿ. ಸುತ್ತ ನಿಂತವರ ಮುಖ ನೋಡಿದ. "ನಾವು ನೋಡಾದ್ಮೇಲೆ ಹೊರಗಿನೋರು ಯಾರಾದ್ರೂ ಹತ್ರ ಬಂದಿದ್ರಾ?"

"ಹೊರಗಿನೋರು ಯಾರೂ ಬಂದಿಲ್ಲ ಕಣಪ್ಪ" ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ಸಿದ್ದಗಂಗಮ್ಮ. ನಿಜವೇ. ಕೆರೆ ಅಂಗಳದಲ್ಲಿ ನಾವು ನಾಲ್ಕು ಜನ ಬಿಟ್ಟರೆ ಒಂದು ನಾಯಿಯೂ ಇರಲಿಲ್ಲ.

ಅವರು ರೆಕ್ಕೆ ಮಡಿಸುತ್ತಿದ್ದಾಗ ನಾನು ಫ್ಯಾನನ್ನು ಹತ್ತಿರದಿಂದ ನೋಡಿದೆ. ಸೀಳಿನೊಳಗೆ ಬೆಳ್ಳಗೆ ಏನೋ ಒಂದು ಚೂರು ಕಚ್ಚಿಕೊಂಡಿತ್ತು. ಉಗುರಿನಿಂದ ಕಿತ್ತು ಮೂಸಿದೆ. ಕೊಬ್ಬರಿ. ತಿಪಟೂರು ಸೀಮೆಯಲ್ಲಿ ಹುಟ್ಟಿದ ಮೂಗು ಅದನ್ನು ತಪ್ಪು ತಿಳಿಯುವುದುಂಟೆ? ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಚಿಪ್ಪಿನೊಳಗೆ ಲೊಟಲೊಟ ಎನ್ನುವ ಗಿಟುಕಿನ ಚೂರು. ಎಣ್ಣೆ ಬೆರಳಿಗಂಟಿತು.

ಚೂರನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ. ಸಾಕ್ಷಿ ಸಿಕ್ಕಾಗ ಬಾಯಿ ಮುಚ್ಚಿಕೊಂಡಿರಬೇಕು ಎನ್ನುವುದು ನನ್ನ ನಿಯಮ. ಅದೂ ಅಲ್ಲದೆ, ಚಿರಂಜೀವಿಯೂ ನನ್ನ ಅನುಮಾನದ ಸಾಲಿನಲ್ಲೇ ಇದ್ದ. ಓಡುವಾಗಲೇ ಕೆರೆ ಅಂಗಳದ ಕಲ್ಲು ಎಗರಿ ಬಡಿದು ಬಿರುಕು ಬಿಟ್ಟು, ಮೇಲೆ ಹೋದ ಮೇಲೆ ಮುರಿದಿರಬಹುದು ಎಂದು ಅವನು ತೀರ್ಮಾನಿಸಿದ. ಓಡುವ ಜಾಗವನ್ನೆಲ್ಲ ಗುಡಿಸಿ ಒಂದು ಹರಳೂ ಇಲ್ಲದಂತೆ ಮಾಡಿದ. ಹೊಸ ಫ್ಯಾನು ತರಿಸುವುದು ತನ್ನ ಜವಾಬ್ದಾರಿ ಎಂದ. ಯಾಕಿಷ್ಟು ಉತ್ಸಾಹ?

ಮಾರನೆಯ ದಿನವೇ ಬಸ್ ಹತ್ತಿ ಚಿಕ್ಕನಾಯಕನಹಳ್ಳಿಗೆ ಹೋಗಿ ಅವನ ವಿಷಯ ವಿಚಾರಿಸಿದೆ. ಹೋಟೆಲಿನವನು ಒಳ್ಳೆಯವನು ಎಂದ, ಕ್ಷೌರದಂಗಡಿಯವನೂ ಒಳ್ಳೆಯವನು ಎಂದ. ಊರೆಲ್ಲ ಒಬ್ಬನನ್ನು ಒಳ್ಳೆಯವನು ಎಂದರೆ ಎಲ್ಲೋ ಏನೋ ಇರಲೇಬೇಕು. ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ತಲೆಗೆ ಹೊಳೆಯಿತು. ಗಿಟುಕು ಗಟ್ಟಿ, ದುಂಡಗೆ, ಕವಣೆಗೆ ಹೇಳಿ ಮಾಡಿಸಿದ ಗಾತ್ರ. ಟಕ್ ಎಂದದ್ದು ದುರ್ಗಯ್ಯನ ತೋಟದ ಅಂಚಿನಲ್ಲಿ. ಇನ್ನೇನು ಬೇಕು?

ಅವತ್ತಿನಿಂದ ಊಟಕ್ಕೆ ಕೂತರೆ ನನ್ನದು ಅದೇ ರಾಗ. "ಅವ್ನ ಕಣ್ಣು ಬಿದ್ದೈತೆ ನಮ್ಮ ಮಗಿನ ಮೇಲೆ. ಸುಮ್ಕೆ ಬುಡೋ ಪೈಕಿ ಅಲ್ಲ ಅವ್ನು. ನೋಡ್ತಿರು."

ಸಿದ್ದಗಂಗಮ್ಮ ತುತ್ತು ಹಾಗೇ ಕೈಯಲ್ಲಿ ಹಿಡಿದುಕೊಂಡು ಕೇಳುತ್ತಿದ್ದಳು. "ಅಷ್ಟು ಕೆಟ್ಟ ಕಣ್ಣಾ?"

"ಅಷ್ಟಲ್ಲ, ಇನ್ನೂ ಜಾಸ್ತಿ ಕಣೇ."

"ಅಪ್ಪಾ, ಸಾಕು ನಿಲ್ಸು" ಎನ್ನುತ್ತಿದ್ದಳು ಅನುಪಮಾ. "ಅಮ್ಮನ್ನ ಯಾಕೆ ಹೆದರಿಸ್ತೀಯ?" ಹಾರುವುದನ್ನು ಬಿಡು ಎಂದರೆ ಅವಳು ಬಿಡುವವಳಲ್ಲ. ಅದಕ್ಕೆ ನನ್ನದೇ ಹಟದ ರಕ್ತ ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಇರಬಹುದು.

ಹೊಸ ಫ್ಯಾನು ಬಂತು. ಭಾನುವಾರ ಬೆಳಿಗ್ಗೆ ಹಾರುವುದೆಂದಾಯಿತು. ನಾನು ನನ್ನ ಲೆಕ್ಕ ಹಾಕಿಕೊಂಡೆ. ಕೆರೆ ಅಂಗಳದಲ್ಲಿ ನಿಂತು ನಾನು ಮಾಡುವುದೇನು? ಕಳ್ಳನ ಪಕ್ಕದಲ್ಲೇ ಹೋಗಿ ಕೂರಬೇಕು. ಮಗಳು ಇಳಿಯುವವರೆಗೆ ದುರ್ಗಯ್ಯನ ಕೈ ನನ್ನ ಕಣ್ಣ ಮುಂದಿರಬೇಕು.

ಅನುಪಮಾ ಮುಂದೆ ಹೋದಳು. ಸಿದ್ದಗಂಗಮ್ಮ ಟಿಫನ್ ಕ್ಯಾರಿಯರ್ ಹಿಡಿದು ಹೊರಟಳು. "ನೀವು ಬರಲ್ವಾ?" ಎಂದಳು. "ಕೆಲಸ ಐತೆ" ಎಂದೆ. ನಾನು ಬರುವುದಿಲ್ಲವೆಂದು ತಿಳಿದು ಅವಳಿಗೆ ಸಮಾಧಾನವಾದಂತೆ ಕಂಡಿತು. ಅದೂ ನನ್ನ ಕಣ್ಣಿಗೆ ಬಿತ್ತು, ಆದರೆ ಹೆಂಡತಿಯಲ್ಲವೇ, ಗುರುತು ಹಾಕಿಕೊಳ್ಳಲಿಲ್ಲ.

ದುರ್ಗಯ್ಯ ತನ್ನ ಮನೆಯ ಅಂಗಳದಲ್ಲಿ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ನಾನು ಮೊಪೆಡ್ ನಿಲ್ಲಿಸಿ, ಕರೆಯದೆ ಹೋಗಿ ಜಗಲಿಯ ಮೇಲೆ ಕೂತೆ.

"ಏನ್ ರೇವಣ್ಣ, ದಾರಿ ತಪ್ತಾ?"

"ತಪ್ಪಿಲ್ಲ. ಇವತ್ತು ನನ್ನ ಮಗ್ಳು ಹಾರ್ತಾಳೆ. ಅವಳು ಇಳಿಯೋಗಂಟ ನಾನಿಲ್ಲೇ ಕೂತಿರ್ತೀನಿ."

"ಕೂತ್ಕ. ಯಾಕೆ ಅಂತ ಹೇಳಿದ್ರೆ ಕಾಪಿ ಕೊಡ್ತೀನಿ."

ಜೇಬಿನಿಂದ ಕಾಗದ ತೆಗೆದು ಬಿಚ್ಚಿ ಅವನ ಮೂಗಿನ ಮುಂದೆ ಹಿಡಿದೆ. "ಇದು ಫ್ಯಾನಲ್ಲಿ ಸಿಕ್ತು. ಕವಣೇಲಿ ಗಿಟುಕು ಹೊಡ್ದು ನನ್ನ ಮಗ್ಳನ್ನ ಕೆಡವಕ್ಕೆ ನೋಡಿದ್ದೀಯ. ಇಲ್ಲ ಅನ್ನು ನೋಡುವ."

ಜಗಳವಾಡುತ್ತಾನೆ ಎಂದುಕೊಂಡಿದ್ದೆ, ಅದಕ್ಕೆ ಸಿದ್ಧನಾಗಿಯೂ ಬಂದಿದ್ದೆ. ದುರ್ಗಯ್ಯ ಚೂರನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಸೊಪ್ಪಿನ ಕಟ್ಟು ಕೆಳಗಿಟ್ಟು ನಗತೊಡಗಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಲೇ ರೇವಣ್ಣ, ಇವತ್ತಿನ ಕೊಬ್ಬರಿ ರೇಟಲ್ಲಿ ಗಿಟುಕು ಎಸೀತೀನೇನ್ಲಾ ನಾನು? ನಮ್ಮ ತೋಟದಲ್ಲಿ ಕಲ್ಲಿಗೇನು ಬರವಾ?"

ಈ ಸರಳ ಮಾತು ಇಷ್ಟು ದಿನ ನನ್ನ ತಲೆಗೆ ಬಂದಿರಲಿಲ್ಲ.

ದುರ್ಗಯ್ಯ ನಗು ನಿಲ್ಲಿಸಿ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದ. ಅಟ್ಟಕ್ಕೆ ಏಣಿ ಹಾಕಿತ್ತು. ಹತ್ತಿ ಒಂದು ಕಾಯಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ನೀರು ಸುಳುಸುಳು ಎಂದಿತು. "ಶ್ರಾವಣದಲ್ಲಿ ಏರ್ಸಿರೋದು. ಇನ್ನೂ ನೀರೇ ಬತ್ತಿಲ್ಲ. ನಮ್ಮನೇಲಿ ಗಿಟುಕು ಅನ್ನೋದು ಒಂದೂ ಇಲ್ಲ ಕಣ್ಲಾ. ಇರೋದು ನಿಮ್ಮನೇಲಿ. ನಿಮ್ಮ ಅಟ್ಟದ್ದು ನಮಗಿಂತ ಮುಂಚೆ ಏರ್ಸಿದ್ದಲ್ವಾ? ನಿನ್ನ ಹೆಂಡ್ತಿ ಮೀಸಲು ಕಾಯಿ ಇಳ್ಸಿ ಒಡೆದಳಂತೆ, ಮಗಳಿಗೆ ಕಟ್ಟಕ್ಕೆ ಅಂತ. ನಮ್ಮನೆಯವಳ ಹತ್ರ ಅರಿಶಿನದ ಬಟ್ಟೆ ಇಸ್ಕೊಂಡು ಹೋದ್ಲು."

ಮೀಸಲು ಕಾಯಿ ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಟ್ಟದಿಂದ ಕೊಬ್ಬರಿ ಇಳಿಸುವ ಮುಂಚೆ ಮೊದಲ ಕೆಲವು ಕಾಯಿ ಮನೆದೇವರಿಗೆ. ಅದರ ಗಿಟುಕನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ ಗಾಡಿಗೋ, ತೊಟ್ಟಿಲಿಗೋ, ಹೊಸ ಮನೆಯ ತೊಲೆಗೋ ಕಟ್ಟುತ್ತಾರೆ. ಕಾಪಾಡುತ್ತದೆ ಎನ್ನುತ್ತಾರೆ. ನಮ್ಮ ಮೊಪೆಡ್ಡಿನ ಹ್ಯಾಂಡಲ್ಲಿಗೂ ಒಂದು ಜೋತಾಡುತ್ತಿದೆ.

ಏನೂ ಕಟ್ಟಂಗಿಲ್ಲಮ್ಮ ಎಂದಿದ್ದ ಚಿರಂಜೀವಿ. ಹಾರವನ್ನು ಬಿಚ್ಚಿ ಕೈಗೆ ಕೊಟ್ಟಿದ್ದ. ಕಾಣುವಂತೆ ಕಟ್ಟಿದರೆ ಬಿಚ್ಚುತ್ತಾರೆ ಎಂದು ಇವಳು ಕಾಣದಂತೆ ಕಟ್ಟಿದ್ದಾಳೆ. ಎಲ್ಲ ನೋಡಿ ಮುಗಿಸಿದ ಮೇಲೆ, ನಾವು ಮರದ ಕೆಳಗೆ ಇಡ್ಲಿ ತಿನ್ನುವಾಗ ಅವಳೊಬ್ಬಳೇ ಓಡಾಡುತ್ತಿದ್ದಳಲ್ಲ. ಹೊರಗಿನವರು ಯಾರೂ ಬಂದಿಲ್ಲ ಕಣಪ್ಪ.

ಇವತ್ತೂ ಕ್ಯಾರಿಯರ್ ಹಿಡಿದೇ ಹೋಗಿದ್ದಾಳೆ. ಮನೆಯಲ್ಲಿ ದಿನಾ ಕೆಟ್ಟ ಕಣ್ಣು ಕೆಟ್ಟ ಕಣ್ಣು ಎಂದು ಅವಳ ಕಿವಿ ತುಂಬಿದವನು ನಾನೇ. ಮೊದಲಿನದಕ್ಕಿಂತ ದೊಡ್ಡ ಗಿಟುಕು ಕಟ್ಟದೆ ಇರುತ್ತಾಳೆಯೇ?

ದುರ್ಗಯ್ಯನಿಗೆ ಏನು ಹೇಳಿದೆನೋ ನೆನಪಿಲ್ಲ. ಮೊಪೆಡ್ ಎತ್ತಿಕೊಂಡು ತೋಟದೊಳಗಿನ ಕಾಲುದಾರಿಯಲ್ಲಿ ಹೊಡೆದೆ. ಬಿದ್ದ ಗರಿ, ಸಿಪ್ಪೆ ಗುಡ್ಡೆ, ನೀರಿನ ಪೈಪು, ಯಾವುದನ್ನೂ ನೋಡಲಿಲ್ಲ. ಕೆರೆಯ ಕಡೆಯಿಂದ ಇಂಜಿನ್ ಶುರುವಾದ ಸದ್ದು ಕೇಳಿಸಿತು. ಇಷ್ಟು ವರ್ಷ ದೇವರನ್ನೂ ಅನುಮಾನಿಸಿದವನು, ಅವತ್ತು ಕಂಡ ದೇವರಿಗೆಲ್ಲ ಕೈ ಮುಗಿದೆ.

ಏರಿ ಹತ್ತಿದಾಗ ಅವಳು ಬೆನ್ನಿಗೆ ಯಂತ್ರ ಹೊತ್ತು ನಿಂತಿದ್ದಳು. ಹಿಂದೆ ನೆಲದ ಮೇಲೆ ರೆಕ್ಕೆ ಹರಡಿತ್ತು. ಕೂಗಿದೆ. ಹೆಲ್ಮೆಟ್ಟು, ಇಂಜಿನ್ನು, ಯಾರಿಗೆ ಕೇಳಿಸಬೇಕು? ನಾನು ಇದ್ದದ್ದು ಅವಳ ಬೆನ್ನ ಕಡೆ. ನೇರ ಓಡಿ ಹಿಡಿದುಕೊಳ್ಳೋಣ ಎಂದು ಕಾಲು ಎಳೆಯಿತು. ಹಿಂದಿನಿಂದ ಹೋಗಬಾರದು ಎಂದ ಮಾತು ಅದು ಹೇಗೋ ತಲೆಯೊಳಗೆ ಉಳಿದಿತ್ತು. ದೂರದಿಂದ ಬಳಸಿಕೊಂಡು ಓಡಿದೆ. ಅವಳು ಓಡಲು ಶುರುಮಾಡಿದಳು, ರೆಕ್ಕೆ ನೆಲದಿಂದ ಎದ್ದಿತು. ಗುಡಿಸಿ ಚೊಕ್ಕಟ ಮಾಡಿದ್ದ ಆ ದಾರಿಯ ನಟ್ಟನಡುವೆ, ಅವಳ ಎದುರಿಗೆ, ಎರಡೂ ಕೈ ಮೇಲೆತ್ತಿ ನಿಂತುಬಿಟ್ಟೆ.

ಅವಳು ನನ್ನನ್ನು ಕಂಡಳು. ಇಂಜಿನ್ ನಿಂತಿತು. ರೆಕ್ಕೆ ಒಂದು ಕ್ಷಣ ತಡೆದು ಅವಳ ಹಿಂದೆ ಕುಸಿದು ಬಿತ್ತು.

"ಅಪ್ಪಾ! ತಲೆ ಕೆಟ್ಟಿದ್ಯಾ ನಿಂಗೆ? ಹಿಂಗಾ ಅಡ್ಡ ಬರೋದು?"

"ಫ್ಯಾನು ನೋಡು. ಪಂಜರದಲ್ಲಿ ಎಲ್ಲೋ ಗಂಟು ಐತೆ" ಎಂದೆ. ಅಷ್ಟು ಹೇಳುವಷ್ಟೇ ಉಸಿರಿದ್ದದ್ದು.

ಚಿರಂಜೀವಿ ಓಡಿ ಬಂದು ಬಗ್ಗಿದ. ಪಂಜರದ ತಳದ ಬಳೆಗೆ, ಒಳಮಗ್ಗುಲಿಗೆ, ಅರಿಶಿನದ ಬಟ್ಟೆಯ ಗಂಟು. ಫ್ಯಾನಿನ ಗಾಳಿಗೆ ಅದರ ದಾರ ಆಗಲೇ ಸಡಿಲವಾಗಿ ಅಲಗಿನ ಕಡೆ ವಾಲಿತ್ತು. ಎರಡು ಬೆರಳು ಅಂತರ ಉಳಿದಿತ್ತೋ ಇಲ್ಲವೋ. ಅವನು ಅದನ್ನು ಬಿಚ್ಚತೊಡಗಿದ. ಮಾತು ಕಡಿಮೆಯವನ ಮುಖ ಬೆಳ್ಳಗಾದದ್ದನ್ನು ನಾನು ನೋಡಿದೆ.

"ಅದನ್ನ ಬಿಚ್ಚಬ್ಯಾಡಪ್ಪಾ!" ಹೊಂಗೆ ಮರದ ಕಡೆಯಿಂದ ಸಿದ್ದಗಂಗಮ್ಮ ಕೈಚಾಚಿಕೊಂಡು ಬಂದಳು. "ನಿನ್ನ ಕಾಲು ಹಿಡ್ಕೊತೀನಿ, ಬಿಚ್ಚಬ್ಯಾಡ. ಹೋದ್ಸಲ ಅದೇ ಕಣಪ್ಪ ನನ್ನ ಮಗೀನ ಉಳ್ಸಿದ್ದು. ಬಿದ್ದಾಗ ನೋಡ್ದೆ, ಗಂಟು ಇರ್ಲಿಲ್ಲ. ಮನೆದೇವ್ರು ತಾಯಿ ಅದನ್ನ ತಗಂಡು ಇವಳನ್ನ ಬುಟ್ಟವ್ಳೆ."

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಾನು ಹೇಳಬಾರದೆಂದುಕೊಂಡೆ. ಸುಮ್ಮನೆ ಬಿಚ್ಚಿ ಎಸೆದು ಮನೆಗೆ ಕರೆದುಕೊಂಡು ಹೋಗಿಬಿಡೋಣ ಎಂದುಕೊಂಡೆ. ಆದರೆ ಹೇಳದಿದ್ದರೆ ಮತ್ತೊಂದು ಭಾನುವಾರ ಮತ್ತೊಂದು ಕಡೆ ಕಟ್ಟುತ್ತಾಳೆ. ಜೇಬಿನ ಕಾಗದ ತೆಗೆದು ಅವಳ ಅಂಗೈಯಲ್ಲಿಟ್ಟೆ.

"ಇದೇನ್ರೀ?"

"ಹೋದ್ಸಲ ಮುರಿದ ಫ್ಯಾನಿನ ಸೀಳಲ್ಲಿ ಸಿಕ್ಕಿದ್ದು."

ಅವಳು ಕಾಗದ ಬಿಚ್ಚಿ ನೋಡಿದಳು. ಮೂಗಿನ ಹತ್ತಿರ ಹಿಡಿದಳು. ಹುಟ್ಟಿದಾಗಿನಿಂದ ಕೊಬ್ಬರಿ ಸುಲಿದ ಕೈ ಅದು. ಬಹಳ ಹೊತ್ತು ಮೂಸುತ್ತಲೇ ಇದ್ದಳು, ಬೇರೆ ಯಾವುದಾದರೂ ವಾಸನೆ ಬರಲಿ ಎಂಬಂತೆ.

"ನಂದೇನಾ?" ಎಂದಳು.

ಹೌದೆಂದು ತಲೆಯಾಡಿಸಿದೆ. ಅವಳು ನಿಂತಲ್ಲೇ ಕೆರೆಯ ಮಣ್ಣಿನ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಆ ಚೂರನ್ನು ನೋಡುತ್ತ ಕೂತಳು. ಅವಳನ್ನು ಹಾಗೆ ನೋಡುವುದಕ್ಕಿಂತ ಅವಳು ಎದೆ ಬಡಿದುಕೊಂಡು ಅತ್ತಿದ್ದರೆ ಚೆನ್ನಾಗಿತ್ತು.

ಅನುಪಮಾ ಬೆಲ್ಟು ಬಿಚ್ಚಿ ಯಂತ್ರ ಇಳಿಸಿ, ಬಂದು ಅಮ್ಮನ ಪಕ್ಕ ಕೂತಳು. "ಅಮ್ಮಾ, ನಾನು ಇಲ್ಲೇ ಇದೀನಲ್ಲ. ನೋಡಿಲ್ಲಿ. ಇದೀನಲ್ಲ."

"ತಪ್ಪು ನಂದಮ್ಮ" ಎಂದ ಚಿರಂಜೀವಿ. ಅವನೂ ಮಂಡಿಯೂರಿದ. "ಹಾರ ಬಿಚ್ಚಿದ ದಿನ, ಫ್ಯಾನು ಎಳ್ಕೊಳ್ಳುತ್ತೆ, ಬಡಿದ್ರೆ ಮುರಿಯುತ್ತೆ ಅಂತ ಬಾಯಿ ಬಿಟ್ಟು ಹೇಳ್ಬೇಕಿತ್ತು. 'ಯಾರೂ ಮುಟ್ಟಂಗಿಲ್ಲ' ಅಂದ್ರೆ ನೀವೂ ಸೇರಿ ಅಂತ ಹೇಳ್ಬೇಕಿತ್ತು."

ಅವತ್ತು ಹಾರಲಿಲ್ಲ. ಮನಸ್ಸು ಕದಡಿದ ದಿನ ಹಾರಬಾರದು ಎನ್ನುವುದೂ ಅವನ ನಿಯಮಗಳಲ್ಲಿ ಒಂದು. ಎಲ್ಲರೂ ಹೊಂಗೆ ಮರದ ಕೆಳಗೆ ಕೂತು ಉಳಿದು ತಣ್ಣಗಾದ ಇಡ್ಲಿ ತಿಂದೆವು. ಕವಣೆ ಇಲ್ಲದೆ ಬರಿಗೈಯಲ್ಲಿ ಏದುಸಿರು ಬಿಡುತ್ತ ಬಂದ ದುರ್ಗಯ್ಯನಿಗೂ ಎರಡು ಸಿಕ್ಕವು. ಅವನ ಮುಖ ನೋಡಲು ನನಗೆ ಆಗಲಿಲ್ಲ. "ಬುಡ್ಲಾ" ಎಂದ ಅವನು, "ಬದುವಿನ ವಿಷ್ಯ ಮಾತ್ರ ಬುಡಾದಿಲ್ಲ."

ಮುಂದಿನ ಭಾನುವಾರ ನಾನು ಕೆರೆ ಅಂಗಳಕ್ಕೆ ಹೋದಾಗ ತಪಾಸಣೆ ಮುಗಿದಿತ್ತು. ಯಂತ್ರದ ಪಕ್ಕ ಸಿದ್ದಗಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ಟಿಫನ್ ಕ್ಯಾರಿಯರ್ ದೂರ ಮರದ ಕೆಳಗೆ, ಮುಚ್ಚಳ ಮುಚ್ಚಿದಂತೆಯೇ ಇತ್ತು. ರೆಕ್ಕೆಯ ಬಟ್ಟೆಯ ಮೇಲೆ ಒಂದು ಹೊಂಗೆಯ ಎಲೆ ಬಿದ್ದಿತ್ತು, ತೆಗೆಯೋಣ ಎಂದು ಬಗ್ಗಿದೆ. ಕೈ ಮೇಲೆ ಒಂದು ಏಟು ಬಿತ್ತು.

"ಮುಟ್ಟಬ್ಯಾಡ್ರೀ."

"ಎಲೆ ಕಣೇ."

"ಎಲೆನೂ ಇಲ್ಲ ಗಿಲೆನೂ ಇಲ್ಲ. ಅವ್ರು ಬಂದು ತೆಗೀತಾರೆ, ಮತ್ತೆ ಮೊದ್ಲಿಂದ ನೋಡ್ತಾರೆ." ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಜೇಬಲ್ಲಿ ಏನೈತೆ ತೋರ್ಸಿ."

ಜೇಬು ತೆಗೆದು ತೋರಿಸಿದೆ. ಅಷ್ಟು ವರ್ಷ ಬಸ್ಸಿನಲ್ಲಿ ಎಷ್ಟೋ ಜನರ ಜೇಬು ತಡಕಿಸಿದವನು ನಾನು, ನನ್ನ ಜೇಬನ್ನು ಯಾರೂ ಕೇಳಿರಲಿಲ್ಲ.

ಅವರು ಎಲೆ ತೆಗೆದು ಮತ್ತೆ ಮೊದಲಿಂದ ಎಲ್ಲ ನೋಡಿದರು. ಅನುಪಮಾ ಓಡಿದಳು, ಎದ್ದಳು, ಗರಿಗಳ ಮೇಲಕ್ಕೆ ಹೋದಳು. ಸಿದ್ದಗಂಗಮ್ಮ ತಲೆಯೆತ್ತಿ ನೋಡುತ್ತ ನಿಂತಳು, ಬಲಗೈ ಮುಷ್ಟಿ ಕಟ್ಟಿಕೊಂಡೇ ಇತ್ತು. ನಾನು ಏನೆಂದು ಕೇಳಲಿಲ್ಲ. ಮಗಳು ಸುತ್ತು ಹಾಕಿ ಇಳಿದು, ನಾಲ್ಕು ಹೆಜ್ಜೆ ಓಡಿ, ಇಂಜಿನ್ ನಿಲ್ಲಿಸಿ, ಕೈ ಬೀಸಿದಳು. ಆಮೇಲಷ್ಟೇ ಇವಳು ಮುಷ್ಟಿ ಬಿಚ್ಚಿದ್ದು.

ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿದ ಗಿಟುಕು. ಬೆವರಿಗೆ ಅಂಗೈಯೆಲ್ಲ ಹಳದಿಯಾಗಿತ್ತು.

"ಹಿಡ್ಕೊಂಡಿದ್ದೆ ಅಷ್ಟೇ ಕಣ್ರೀ" ಎಂದಳು. "ಎಲ್ಲೂ ಕಟ್ಲಿಲ್ಲ."